ಎಚ್ಚರಗೊಳ್ಳದ ಗಣಕ

ಹಾಲು ಮೊಸರಾಗಬೇಕಾದರೆ ಅದಕ್ಕೆ ಒಂದು ಚಮಚೆಯಷ್ಟಾದರೂ ಮೊಸರನ್ನು ಬೆರೆಸಬೇಕು. ಇದನ್ನು ಹೆಪ್ಪು ಹಾಕುವುದು ಎನ್ನುತ್ತಾರೆ. ಮನೆಯ ಹೆಪ್ಪು ಕೆಟ್ಟುಹೋದ ದಿನ ಗೃಹಿಣಿಯು ಬಟ್ಟಲನ್ನು ಹಿಡಿದು ನೆರೆಮನೆಗೆ ಹೋಗುತ್ತಾಳೆ. ಅಲ್ಲಿಂದ ತಂದ ಒಂದಿಷ್ಟು ಮೊಸರಿನಿಂದ ಮರುದಿನ ಮನೆಯ ಪಾತ್ರೆ ತುಂಬುತ್ತದೆ. ಮೊಸರಿನಿಂದಲೇ ಮೊಸರು ಹುಟ್ಟುವುದಾದರೆ ಮೊಟ್ಟಮೊದಲ ಮೊಸರು ಹುಟ್ಟಿದ್ದು ಹೇಗೆ ಎಂದು ಮಕ್ಕಳು ಕೇಳುವುದುಂಟು. ಹಿರಿಯರು ನಕ್ಕು ಮಾತು ಮರೆಸುವುದೂ ಉಂಟು.

ಗಣಕಯಂತ್ರವನ್ನು ನಿರ್ಮಿಸಿದವರಿಗೆ ಹೀಗೆ ನಕ್ಕು ಸುಮ್ಮನಾಗುವ ಅನುಕೂಲವಿರಲಿಲ್ಲ. ಗಣಕದ ಕೆಲಸಗಳನ್ನೆಲ್ಲ ನಡೆಸುವುದು ಆಪರೇಟಿಂಗ್ ಸಿಸ್ಟಂ ಎಂಬ ತಂತ್ರಾಂಶ. ಅದು ಹಾರ್ಡ್ ಡಿಸ್ಕಿನಲ್ಲಿ ಮಲಗಿರುತ್ತದೆ. ವಿದ್ಯುತ್ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಯಂತ್ರದ ತಾತ್ಕಾಲಿಕ ಸ್ಮೃತಿಯು, ಎಂದರೆ ರ್‍ಯಾಮ್, ಒರೆಸಿಟ್ಟ ಕರಿಹಲಗೆಯಂತೆ ಬರಿದಾಗಿರುತ್ತದೆ. ಹಾರ್ಡ್ ಡಿಸ್ಕಿನಿಂದ ತಂತ್ರಾಂಶವನ್ನು ಓದಿ ಈ ಹಲಗೆಯ ಮೇಲೆ ಬರೆಯಬೇಕು. ಆದರೆ ಓದುವುದು ಹೇಗೆಂದು ತಿಳಿಸಲೂ ಒಂದು ತಂತ್ರಾಂಶ ಬೇಕಷ್ಟೆ! ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಂಡ ಮನುಷ್ಯನ ಮಾತೊಂದು ಇಂಗ್ಲಿಷಿನಲ್ಲಿದೆ. ಗಣಕವು ಎಚ್ಚರಗೊಳ್ಳುವ ಕ್ರಿಯೆಗೆ ಬೂಟ್ ಆಗುವುದು ಎಂಬ ಹೆಸರು ಬಂದದ್ದು ಆ ಮಾತಿನಿಂದಲೇ. ಕನ್ನಡಿಗರು ಅದಕ್ಕೆ ಹೆಸರಿಟ್ಟಿದ್ದರೆ ಬಹುಶಃ ಹೆಪ್ಪಿನ ನೆನಪು ಬರುತ್ತಿತ್ತು.

ಯಂತ್ರದ ಹೆಪ್ಪು ಅದರ ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿದೆ. ವಿದ್ಯುತ್ತು ಹೋದರೂ ಅಳಿಯದ ಒಂದು ಚಿಕ್ಕ ತಂತ್ರಾಂಶವನ್ನು ಅಲ್ಲಿ ಬರೆದಿರುತ್ತಾರೆ. 1981ರಲ್ಲಿ ಹೊರಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ಕಾಲದಿಂದ ಇದನ್ನು ಬಯಾಸ್ ಎಂದು ಕರೆಯುತ್ತಾ ಬಂದಿದ್ದಾರೆ. ಬಯಾಸ್ ಮೊದಲು ಸ್ಮೃತಿ, ಕೀಲಿಮಣೆ ಮೊದಲಾದ ಅಂಗಗಳು ನೆಟ್ಟಗಿವೆಯೇ ಎಂದು ಪರೀಕ್ಷಿಸುತ್ತದೆ. ಬಳಿಕ ತನ್ನಲ್ಲಿರುವ ಒಂದು ಪಟ್ಟಿಯನ್ನು ನೋಡಿ, ಅದರಲ್ಲಿ ಹೇಳಿದ ಕ್ರಮದಲ್ಲಿಯೇ ಒಂದೊಂದು ಸಾಧನದ ಬಾಗಿಲನ್ನು ತಟ್ಟುತ್ತದೆ. ಹಾರ್ಡ್ ಡಿಸ್ಕಾದರೆ ಅದರ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಬರೆಹ ಅದು. ಆ ಬರೆಹದ ಕೊನೆಯ ಎರಡು ಬೈಟುಗಳು 55, ಎಎ ಎಂಬ ಗೊತ್ತುಪಡಿಸಿದ ಗುರುತುಗಳಾಗಿದ್ದರೆ ಮಾತ್ರ ಇಲ್ಲಿ ಹೆಪ್ಪು ಇದೆಯೆಂದು ನಂಬಿ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಆ ಸಣ್ಣ ಬರೆಹ ತನಗಿಂತ ದೊಡ್ಡದನ್ನು, ಅದು ತನಗಿಂತಲೂ ದೊಡ್ಡದನ್ನು ಕರೆತಂದು ಕೊನೆಗೆ ಇಡೀ ಆಪರೇಟಿಂಗ್ ಸಿಸ್ಟಂ ಎದ್ದು ನಿಲ್ಲುತ್ತದೆ.

ಹಾರ್ಡ್ ಡಿಸ್ಕಿನ ಹೆಪ್ಪೇ ಕೆಟ್ಟರೆ? ಆಗ ನೆರೆಮನೆಯ ಬಟ್ಟಲು ಬೇಕಾಗುತ್ತದೆ. ಲೈವ್ ಡಿಸ್ಕ್ ಎಂಬುದು ಅಂತಹ ಬಟ್ಟಲು. ಇದು ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ತನ್ನೊಳಗೆ ಇಟ್ಟುಕೊಂಡಿರುವ ಸಿ.ಡಿ. ಅಥವಾ ಡಿ.ವಿ.ಡಿ. ಯಂತ್ರವು ಇದರಿಂದಲೇ ಎಚ್ಚೆತ್ತು, ರ್‍ಯಾಮನ್ನೇ ಕೆಲಸದ ಮೇಜಾಗಿ ಮಾಡಿಕೊಂಡು ನಡೆಯುತ್ತದೆ. ಹಾರ್ಡ್ ಡಿಸ್ಕಿನ ಹಂಗು ಅದಕ್ಕಿಲ್ಲ; ಅದನ್ನು ಮುಟ್ಟಬೇಕೆಂಬ ನಿಯಮವೂ ಇಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಬರೆಯಲು ತೊಡಗಿದ ಮೇಲೆ ಇಂತಹ ಡಿಸ್ಕುಗಳಿಗೆ ದಾರಿಯಾಯಿತು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ತಂತ್ರಾಂಶ ಅದು. ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್ ಎಂಬ ಲೈವ್ ಸಿ.ಡಿ. ಬಹಳ ಪ್ರಸಿದ್ಧವಾಯಿತು. 700 ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ಸುಮಾರು 2 ಗಿಗಾಬೈಟಿನಷ್ಟು ತಂತ್ರಾಂಶವನ್ನು ಆತ ಅಡಕಿ ತುಂಬಿದ್ದರು. ಬೇಕಾದ ತುಣುಕನ್ನು ಬೇಕಾದಾಗ ಬಿಚ್ಚಿಕೊಳ್ಳುವ ಏರ್ಪಾಡೂ ಅದರಲ್ಲಿಯೇ ಇತ್ತು.

ಆದರೆ ನೆರೆಮನೆಯಿಂದ ತಂದ ಹೆಪ್ಪೂ ಹಿಡಿಯದಿದ್ದರೆ ಏನು ಮಾಡಬೇಕು? ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ 2015ರ ಮಳೆಗಾಲದಲ್ಲಿ ಈ ಪ್ರಶ್ನೆ ಎದುರಾಯಿತು.

ಆ ಶಾಲೆಯ ಕನ್ನಡದ ಅಧ್ಯಾಪಕರು ಆರು ವರ್ಷಗಳ ಕಾಲ ರಜೆಯ ದಿನಗಳಲ್ಲಿ ಸುತ್ತಮುತ್ತಲ ಹಳ್ಳಿಗಳನ್ನು ಅಲೆದು, ಹಿರಿಯ ಹೆಂಗಸರು ಹಾಡುತ್ತಿದ್ದ ಸೋಬಾನೆ, ಬೀಸುವ ಪದ, ನಾಟಿಯ ಪದಗಳನ್ನು ಚಿಕ್ಕ ಧ್ವನಿಮುದ್ರಕದಲ್ಲಿ ಹಿಡಿದಿಟ್ಟಿದ್ದರು. ಅವೆಲ್ಲವನ್ನೂ ಶಾಲೆಯ ಹಳೆಯ ಗಣಕದಲ್ಲಿ ತುಂಬಿದ್ದರು. 143 ಕಡತಗಳು, 19 ಮಂದಿ ಹಾಡುಗಾರ್ತಿಯರು. ಅವರಲ್ಲಿ ಏಳು ಮಂದಿ ಆ ವೇಳೆಗೆ ತೀರಿಕೊಂಡಿದ್ದರು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಧ್ವನಿಮುದ್ರಕದಲ್ಲಿ ಜಾಗ ಸಾಲದೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬುತ್ತಾ ಬಂದಿದ್ದರು. ವಿದ್ಯಾವಂತರೇ ಹೆಚ್ಚಾಗಿ ಮಾಡುವ ತಪ್ಪು ಇದು.

ಒಂದು ಸೋಮವಾರ ಆ ಗಣಕ ಏಳಲಿಲ್ಲ. ಕಪ್ಪು ತೆರೆಯ ಮೇಲೆ ಬಿಳಿಯ ಒಂದು ಸಾಲು ಮೂಡಿ ಅಲ್ಲಿಯೇ ನಿಂತಿತು. ಪೆಟ್ಟಿಗೆಯ ಒಳಗಿನಿಂದ, ಗೋಡೆಯ ಹಲ್ಲಿ ಲೊಚಗುಟ್ಟಿದಂತೆ ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿತ್ತು. ಪಟ್ಟಣದಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಸುದ್ದಿ ತಿಳಿದು, ಲಿನಕ್ಸಿನ ಲೈವ್ ಡಿ.ವಿ.ಡಿ.ಯೊಂದನ್ನು ಬಸ್ಸಿನಲ್ಲಿ ಕಳುಹಿಸಿಕೊಟ್ಟನು. ಕನ್ನಡದ ಅಧ್ಯಾಪಕರು ಅದನ್ನು ಹಾಕಿ ಗುಂಡಿ ಒತ್ತಿದರು. ಅದೇ ಬಿಳಿಯ ಸಾಲು, ಅದೇ ಸದ್ದು. ಮತ್ತೆ ಒತ್ತಿದರು. ಮೂರನೆಯ ಬಾರಿ ಒತ್ತಲು ಹೋದಾಗ ಗಣಿತದ ಅಧ್ಯಾಪಕಿ ಒಳಗೆ ಬಂದರು.

“ಸರ್, ಕೈ ತೆಗೆಯಿರಿ. ಆ ಸದ್ದು ಹಾರ್ಡ್ ಡಿಸ್ಕಿನದು. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಅದು ಮತ್ತಷ್ಟು ಸವೆಯುತ್ತದೆ.”

ಅವರು ಗೋಡೆಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಿ, ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ತೆರೆದು, ಹಾರ್ಡ್ ಡಿಸ್ಕಿಗೆ ಹೋಗುವ ಎರಡು ತಂತಿಗಳನ್ನು ಬಿಡಿಸಿಟ್ಟರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಇದು ಅರ್ಥವಾಗಲಿಲ್ಲ. “ಮೇಡಂ, ಹಾಡುಗಳು ಇರುವುದೇ ಅದರಲ್ಲಿ ಅಲ್ಲವೇ?” ಎಂದು ಕೇಳಿದಳು. ಅವಳ ಅಜ್ಜಿಯ ಹಾಡುಗಳೂ ಆ ಡಿಸ್ಕಿನಲ್ಲಿದ್ದವು. ಅಜ್ಜಿ ತೀರಿಕೊಂಡು ಒಂದು ವರ್ಷವಾಗಿತ್ತು.

“ಹೌದಮ್ಮ. ಆದರೆ ಲೈವ್ ಡಿಸ್ಕ್ ಏಳುವುದಕ್ಕೆ ಹಾರ್ಡ್ ಡಿಸ್ಕ್ ಬೇಕಾಗಿಲ್ಲ. ಮೊದಲು ಇದು ಒಂದೇ ಏಳಲಿ. ಆಮೇಲೆ ಅದನ್ನು ಜೋಡಿಸೋಣ.”

ಈ ಒಂದು ನಡೆಯನ್ನು ಕುರಿತು ಸ್ವಲ್ಪ ಆಲೋಚಿಸಬೇಕು. ಮಾಡಬೇಕಾದ ಪ್ರಯೋಗಗಳು ಅನೇಕ. ಕಳೆದುಕೊಳ್ಳಬಾರದ ವಸ್ತು ಒಂದೇ. ಪ್ರಯೋಗಕ್ಕೆ ಆ ವಸ್ತುವಿನ ಅಗತ್ಯವಿಲ್ಲವೆಂದು ತಿಳಿದ ಒಡನೆ ಅದನ್ನು ದೂರವಿಟ್ಟದ್ದರಿಂದ, ಮುಂದೆ ಎಷ್ಟು ಸಲ ಸೋತರೂ ನಷ್ಟವಿಲ್ಲದಂತಾಯಿತು. ಅಲ್ಲದೆ ದೋಷದ ಹುಡುಕಾಟವೂ ಸುಲಭವಾಯಿತು. ಇನ್ನು ಮುಂದೆ ತೆರೆಯ ಮೇಲೆ ಏನು ಮೂಡಿದರೂ ಅದು ಹಾರ್ಡ್ ಡಿಸ್ಕಿನ ಮಾತಲ್ಲ.

ಈಗ ಗುಂಡಿ ಒತ್ತಿದಾಗ ಎಚ್ಚರಿಸಬಲ್ಲ ಸಾಧನ ಯಾವುದೂ ಸಿಗಲಿಲ್ಲವೆಂಬ ಅರ್ಥದ ಇಂಗ್ಲಿಷ್ ವಾಕ್ಯ ಮೂಡಿತು. ಡಿ.ವಿ.ಡಿ. ಡ್ರೈವಿನ ದೀಪ ಕ್ಷಣಕಾಲವೂ ಮಿನುಗಲಿಲ್ಲವೆಂಬುದನ್ನು ಹುಡುಗಿ ಗಮನಿಸಿದಳು. ಬಯಾಸ್ ಆ ಬಾಗಿಲನ್ನು ತಟ್ಟಲೇ ಇಲ್ಲವೆಂದು ಇದರ ಅರ್ಥ. ಯಂತ್ರ ಆರಂಭವಾಗುವ ಮೊದಲ ಕ್ಷಣಗಳಲ್ಲಿ ಒಂದು ಗೊತ್ತಾದ ಕೀಲಿಯನ್ನು ಒತ್ತಿದರೆ ಬಯಾಸಿನ ಪಟ್ಟಿ ತೆರೆಯುತ್ತದೆ. ಕೆಲವು ಯಂತ್ರಗಳಲ್ಲಿ ಅದು ಡಿಲೀಟ್ ಕೀಲಿ, ಕೆಲವರಲ್ಲಿ ಎಫ್2. ಎಫ್12 ಒತ್ತಿದರೆ ಆ ಒಂದು ಸಲದ ಮಟ್ಟಿಗೆ ಸಾಧನವನ್ನು ಆರಿಸಿಕೊಳ್ಳಲು ಬಿಡುವ ಯಂತ್ರಗಳೂ ಉಂಟು. ಪಟ್ಟಿಯನ್ನು ತೆರೆದು ನೋಡಿದರೆ ಅದರಲ್ಲಿ ಹಾರ್ಡ್ ಡಿಸ್ಕಿನ ಹೆಸರು ಮಾತ್ರ ಇತ್ತು. ಅಧ್ಯಾಪಕಿ ಡಿ.ವಿ.ಡಿ. ಡ್ರೈವನ್ನು ಮೊದಲ ಸ್ಥಾನಕ್ಕೆ ತಂದು ಉಳಿಸಿ ಹೊರಬಂದರು. ದೀಪ ಮಿನುಗಿತು, ಡಿಸ್ಕು ಗುಂಯ್ ಎಂದು ತಿರುಗಿತು, ಬಳಿಕ ಮತ್ತೆ ಅದೇ ವಾಕ್ಯ ಬಂದಿತು.

ಕನ್ನಡದ ಅಧ್ಯಾಪಕರು ನಿಟ್ಟುಸಿರಿಟ್ಟರು. ಆದರೆ ಗಣಿತದ ಅಧ್ಯಾಪಕಿಗೆ ಇದು ಅದೇ ವಾಕ್ಯವಾಗಿ ಕಾಣಲಿಲ್ಲ. ಮೊದಲು ಬಾಗಿಲು ತಟ್ಟಿರಲಿಲ್ಲ. ಈಗ ತಟ್ಟಿದರೂ ಒಳಗಿನಿಂದ ಉತ್ತರ ಬರಲಿಲ್ಲ. ಇವೆರಡೂ ಒಂದೇ ಅಲ್ಲ.

ಈಗ ಉಳಿದದ್ದು ಎರಡು ಸಂಶಯಗಳು. ದೋಷ ಡಿಸ್ಕಿನದೋ, ಯಂತ್ರದ್ದೋ? ವಿದ್ಯುದ್ದೀಪ ಹೊತ್ತದಿದ್ದಾಗ ಬಲ್ಬನ್ನು ಬಿಚ್ಚಿ ಪಕ್ಕದ ಕೋಣೆಯ ಹೋಲ್ಡರಿಗೆ ಸಿಕ್ಕಿಸಿ ನೋಡುವುದನ್ನು ಎಲ್ಲರೂ ಬಲ್ಲರು. ಅದೇ ಉಪಾಯವನ್ನು ಇಲ್ಲಿ ಮಾಡಿದರು. ಕಚೇರಿಯ ಹೊಸ ಗಣಕಕ್ಕೆ ಅದೇ ಡಿಸ್ಕನ್ನು ಹಾಕಿದರು. ಅಲ್ಲಿಯೂ ಅದು ಏಳಲಿಲ್ಲ. ಸಂಶಯ ಈಗ ಡಿಸ್ಕಿನ ಮೇಲೆ ನೆಲೆಗೊಂಡಿತು. ಕಚೇರಿಯ ಗಣಕವನ್ನು ಎಂದಿನಂತೆ ಆರಂಭಿಸಿ, ಡಿಸ್ಕನ್ನು ತೆರೆದು ನೋಡಿದರು. ಒಳಗೆ ಇದ್ದುದು ಒಂದೇ ಒಂದು ಕಡತ. ಅದರ ಹೆಸರು ಐ.ಎಸ್.ಓ. ಎಂಬ ಅಕ್ಷರಗಳಿಂದ ಕೊನೆಗೊಳ್ಳುತ್ತಿತ್ತು.

ಲೈವ್ ಡಿಸ್ಕುಗಳ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ. ಐ.ಎಸ್.ಓ. ಕಡತವು ಒಂದು ಡಿಸ್ಕಿನ ಮೇಲಿರುವ ಎಲ್ಲ ಬರೆಹದ ಅಚ್ಚಿನ ಪ್ರತಿ. ಸಿ.ಡಿ.ಯ ಮೇಲೆ ಕಡತಗಳನ್ನು ಹೊಂದಿಸುವ ಕ್ರಮವನ್ನು 1988ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐ.ಎಸ್.ಓ. 9660 ಎಂಬ ಸಂಖ್ಯೆಯಲ್ಲಿ ಗೊತ್ತುಪಡಿಸಿತು. ಕಡತದ ಹೆಸರಿನ ಬಾಲ ಅಲ್ಲಿಂದ ಬಂದದ್ದು. ಈ ಅಚ್ಚನ್ನು ಖಾಲಿ ಡಿಸ್ಕಿನ ಮೇಲೆ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದಂತೆಯೇ ಒತ್ತಬೇಕು. ಹಾಗೆ ಮಾಡದೆ, ಕಡತವನ್ನು ಬೇರೆ ಯಾವುದೋ ಪತ್ರದಂತೆ ಡಿಸ್ಕಿನೊಳಗೆ ನಕಲು ಮಾಡಿಬಿಟ್ಟರೆ, ಬೀಜವನ್ನು ಬಿತ್ತುವುದರ ಬದಲು ಬೀಜದ ಚೀಲವನ್ನೇ ಹೊಲದಲ್ಲಿ ಹೂತಂತಾಗುತ್ತದೆ. ಬೀಜವೇನೋ ಹೊಲದಲ್ಲಿಯೇ ಇದೆ. ಮೊಳಕೆ ಮಾತ್ರ ಬಾರದು.

ಸಿ.ಡಿ. ಅಥವಾ ಡಿ.ವಿ.ಡಿ.ಯ ಬಾಗಿಲನ್ನು ತಟ್ಟುವಾಗ ಬಯಾಸ್ ಹುಡುಕುವುದು ಒಂದು ನಿಶ್ಚಿತ ಸ್ಥಳವನ್ನು. ಡಿಸ್ಕಿನ ಮೇಲಿನ ಬರೆಹವು 2,048 ಬೈಟುಗಳ ಮನೆಗಳಾಗಿ ಹಂಚಿರುತ್ತದೆ. ಸೊನ್ನೆಯಿಂದ ಎಣಿಸಿದರೆ 17ನೆಯ ಮನೆಯಲ್ಲಿ, ಎಚ್ಚರಿಸುವ ತಂತ್ರಾಂಶ ಎಲ್ಲಿದೆ ಎಂಬುದಕ್ಕೆ ದಾರಿ ತೋರುವ ಒಂದು ಚೀಟಿ ಇರಬೇಕು. ಈ ಏರ್ಪಾಡನ್ನು ಫೀನಿಕ್ಸ್ ಟೆಕ್ನಾಲಜೀಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1995ರಲ್ಲಿ ಪ್ರಕಟಿಸಿದವು. ಇದರ ಹೆಸರು ಎಲ್ ಟೊರಿಟೊ. ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಗೂಳಿ ಎಂದರ್ಥ. ಕ್ಯಾಲಿಫೋರ್ನಿಯದ ಅದೇ ಹೆಸರಿನ ಊಟದ ಮನೆಯೊಂದರಲ್ಲಿ ಕುಳಿತು ಎಂಜಿನಿಯರುಗಳು ಇದನ್ನು ಯೋಚಿಸಿದರೆಂದು ಹೇಳುತ್ತಾರೆ. ಅದಕ್ಕೆ ಹಿಂದಿನ ಗಣಕಗಳಲ್ಲಿ ಸಿ.ಡಿ.ಯಿಂದ ಆರಂಭಿಸಬೇಕಾದರೆ ಸಾಮಾನ್ಯವಾಗಿ ಮೊದಲು ಒಂದು ಫ್ಲಾಪಿಯನ್ನು ಹಾಕಿ, ಅದರ ಹೆಗಲೇರಿ ಸಿ.ಡಿ.ಗೆ ದಾಟಬೇಕಾಗಿತ್ತು. ಪಟ್ಟಣದಿಂದ ಬಂದ ಡಿಸ್ಕಿನ 17ನೆಯ ಮನೆಯಲ್ಲಿ ಆ ಚೀಟಿ ಇರಲಿಲ್ಲ. ಚೀಟಿ ಇದ್ದದ್ದು ಚೀಲದ ಒಳಗೆ.

ಕಚೇರಿಯ ಗಣಕದಲ್ಲಿ ಡಿಸ್ಕ್ ಬರೆಯುವ ಸೌಕರ್ಯವಿತ್ತು. ಆ ಕಡತವನ್ನೇ ತೆಗೆದುಕೊಂಡು, ಈ ಬಾರಿ ಅಚ್ಚನ್ನು ಒತ್ತುವ ಆಜ್ಞೆಯನ್ನೇ ಆರಿಸಿ, ಹೊಸ ಡಿ.ವಿ.ಡಿ.ಯನ್ನು ಸಿದ್ಧಪಡಿಸಿದರು. ಕಚೇರಿಯ ಗಣಕ ಅದರಿಂದ ಎಚ್ಚೆತ್ತಿತು! ತೆರೆಯ ಮೇಲೆ ಚಿತ್ರ ಮೂಡಿತು, ಚುಕ್ಕೆಗಳು ಓಡಿದವು. ಐದು ನಿಮಿಷಗಳಾದ ಮೇಲೂ ಅವು ಓಡುತ್ತಲೇ ಇದ್ದವು. ಬಳಿಕ ಚಿತ್ರ ಮರೆಯಾಗಿ, ಓದಲಾಗುತ್ತಿಲ್ಲವೆಂಬ ದೂರುಗಳು ಸಾಲುಸಾಲಾಗಿ ಇಳಿಯತೊಡಗಿದವು.

ಅರ್ಧದಲ್ಲಿ ನಿಲ್ಲುವ ಡಿಸ್ಕಿಗೆ ಕಾರಣಗಳು ಹಲವು. ಡ್ರೈವಿನ ಮಸೂರದ ಮೇಲೆ ಧೂಳು ಕುಳಿತಿರಬಹುದು. ಡಿಸ್ಕನ್ನು ಅತಿ ವೇಗದಲ್ಲಿ ಬರೆದಿರಬಹುದು. ಆದುದರಿಂದಲೇ ನಿಧಾನವಾದ ವೇಗದಲ್ಲಿ ಬರೆಯಬೇಕೆಂದು ಬಲ್ಲವರು ಹೇಳುವುದು. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಡ್ರೈವುಗಳು ಅವನ್ನು ಓದಲು ತಡವರಿಸುತ್ತವೆ. ಗೀರುಗಳೂ ಆಗಿರಬಹುದು. ಸಿ.ಡಿ.ಯ ಹೊಳೆಯುವ ಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ. ಹೆಸರು ಬರೆಯುವ ಬದಿಯ ಗೀರು ಅದಕ್ಕಿಂತ ಅಪಾಯಕರ. ಪ್ರತಿಫಲಿಸುವ ಲೋಹದ ಪದರವು ಆ ಬದಿಗೇ ತೀರ ಹತ್ತಿರವಾಗಿರುತ್ತದೆ. ಆದರೆ ಇವೆಲ್ಲವನ್ನೂ ಶಂಕಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಒತ್ತಿದ ಅಚ್ಚೇ ಸರಿಯಾಗಿತ್ತೆ?

ಇದನ್ನು ಪರೀಕ್ಷಿಸುವ ವಿಧಾನ ಬಹಳ ಸೊಗಸಾದದ್ದು. ಲಿನಕ್ಸನ್ನು ಹಂಚುವವರು ಪ್ರತಿಯೊಂದು ಐ.ಎಸ್.ಓ. ಕಡತದ ಜೊತೆಯಲ್ಲಿ ಅದರ ಬೆರಳಚ್ಚನ್ನೂ ಪ್ರಕಟಿಸುತ್ತಾರೆ. ಎಸ್.ಎಚ್.ಎ. 256 ಎಂಬ ಗಣಿತಕ್ರಮವು ಎಷ್ಟೇ ದೊಡ್ಡ ಕಡತವನ್ನು ಅರೆದು 64 ಗುರುತುಗಳ ಒಂದು ಸಾಲನ್ನು ಕೊಡುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಮೊದಲ ಆರು ಅಕ್ಷರಗಳು ಮಾತ್ರ ಅದರಲ್ಲಿ ಬರುತ್ತವೆ. ಒಂದೇ ಕಡತಕ್ಕೆ ಎಲ್ಲಿ ಲೆಕ್ಕ ಹಾಕಿದರೂ ಒಂದೇ ಸಾಲು ಬರುತ್ತದೆ. ನೂರಹತ್ತು ಕೋಟಿ ಬೈಟುಗಳಲ್ಲಿ ಒಂದೇ ಒಂದು ಬೈಟು ಬದಲಾದರೂ ಬೇರೆಯೇ ಸಾಲು ಬರುತ್ತದೆ. ಅದೂ ಅಲ್ಪಸ್ವಲ್ಪ ಬೇರೆಯಾಗಿ ಅಲ್ಲ, ಗುರುತೇ ಸಿಗದಷ್ಟು ಬೇರೆಯಾಗಿ. ಅಂಗಡಿಯವನು ತೂಕ ಮಾಡಿ ಕೊಟ್ಟ ಅಕ್ಕಿಯನ್ನು ಮನೆಯಲ್ಲಿ ಮತ್ತೆ ತೂಗಿದರೆ ಕಳ್ಳತನ ಗೊತ್ತಾಗುತ್ತದೆ. ಕಾಳೊಂದು ಬದಲಾದದ್ದು ಗೊತ್ತಾಗುವುದಿಲ್ಲ. ಈ ತಕ್ಕಡಿಗೆ ಅದೂ ಗೊತ್ತಾಗುತ್ತದೆ.

ಹುಡುಗಿ ಪ್ರಕಟವಾಗಿದ್ದ 64 ಗುರುತುಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಒಂದೊಂದಾಗಿ ಓದಿದಳು. ಅಧ್ಯಾಪಕಿ ತೆರೆಯ ಮೇಲಿನ ಸಾಲನ್ನು ನೋಡುತ್ತಿದ್ದರು. ಮೊದಲನೆಯ ಗುರುತಿನಲ್ಲಿಯೇ ಓದು ನಿಂತಿತು. ಕಡತದ ಗಾತ್ರವನ್ನು ನೋಡಿದಾಗ ಅದೂ ಕಡಿಮೆಯಿತ್ತು. ಅಂತರ್ಜಾಲದಿಂದ ಇಳಿಸಿಕೊಳ್ಳುವಾಗ ಸಂಪರ್ಕ ಕಡಿದುಹೋಗಿ, ತುದಿಯ ಭಾಗ ಬಂದೇ ಇರಲಿಲ್ಲ. ಮುಂದಿನ ಭಾಗ ಸರಿಯಾಗಿದ್ದುದರಿಂದ ಡಿಸ್ಕು ಏಳಲು ತೊಡಗಿತ್ತು. ಹಿಂದಿನ ಭಾಗ ಬೇಕಾದಾಗ ಸಿಗದೆ ಮುಗ್ಗರಿಸಿತ್ತು. ಅಧ್ಯಾಪಕಿ ಅಂದು ಪಟ್ಟಣದ ಮನೆಗೆ ಹೋಗಿ, ರಾತ್ರಿಯಿಡೀ ಕಡತವನ್ನು ಹೊಸದಾಗಿ ಇಳಿಸಿ, ಬೆಳಿಗ್ಗೆ ಪೆನ್ ಡ್ರೈವಿನಲ್ಲಿ ತಂದರು. ಈ ಸಲ 64 ಗುರುತುಗಳೂ ಕೂಡಿಬಂದವು. ನಿಧಾನವೇಗದಲ್ಲಿ ಬರೆದ ಡಿಸ್ಕು ಕಚೇರಿಯ ಗಣಕದಲ್ಲಿ ತಡೆಯಿಲ್ಲದೆ ಎದ್ದಿತು.

ಅದನ್ನು ಹಿಡಿದು ಹಳೆಯ ಯಂತ್ರದ ಕೋಣೆಗೆ ಎಲ್ಲರೂ ಹೋದರು. ಸಾಧನ ಯಾವುದೂ ಸಿಗಲಿಲ್ಲವೆಂಬ ಹಳೆಯ ವಾಕ್ಯವೇ ಸ್ವಾಗತಿಸಿತು. ಡ್ರೈವಿನ ದೀಪ ಮಿನುಗಲಿಲ್ಲ.

ಹಿಂದಿನ ದಿನ ತಾವೇ ಬದಲಾಯಿಸಿದ್ದ ಪಟ್ಟಿಯನ್ನು ಅಧ್ಯಾಪಕಿ ಮತ್ತೆ ತೆರೆದರು. ಅದು ತನ್ನ ಹಳೆಯ ರೂಪಕ್ಕೆ ಮರಳಿತ್ತು. ಯಾರಾದರೂ ಬಂದು ತಿದ್ದಿದರೇ ಎಂದು ಕನ್ನಡದ ಅಧ್ಯಾಪಕರು ಜವಾನನನ್ನು ಕರೆಯಲು ಎದ್ದರು. ಅಷ್ಟರಲ್ಲಿ ಹುಡುಗಿ ತೆರೆಯ ಮೂಲೆಯನ್ನು ತೋರಿಸಿ, “ಮೇಡಂ, ತಾರೀಕು ನೋಡಿ” ಎಂದಳು. ಯಂತ್ರದ ಪ್ರಕಾರ ಅಂದು 2005ರ ಜನವರಿ 1.

ಬಯಾಸಿನ ಪಟ್ಟಿಯನ್ನೂ ಯಂತ್ರದ ಗಡಿಯಾರವನ್ನೂ ನೆನಪಿನಲ್ಲಿಡಲು ಮುಖ್ಯ ಫಲಕದ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ, ಗೋಡೆಯ ಸ್ವಿಚ್ಚನ್ನು ಆರಿಸಿದ ಒಡನೆ ಯಂತ್ರವು ಕಲಿತದ್ದನ್ನೆಲ್ಲ ಮರೆಯುತ್ತದೆ. ಶಾಲೆಯಲ್ಲಿ ಸಿಡಿಲಿಗೆ ಹೆದರಿ ಪ್ರತಿದಿನ ಸಂಜೆ ಮುಖ್ಯ ಸ್ವಿಚ್ಚನ್ನೇ ಆರಿಸುವ ರೂಢಿಯಿತ್ತು. ಪಾಪ, ಜವಾನನ ತಪ್ಪೇನೂ ಇರಲಿಲ್ಲ. ಬಸ್ ನಿಲ್ದಾಣದ ಬಳಿಯ ಗಡಿಯಾರದ ಅಂಗಡಿಯಲ್ಲಿ ಸಿ.ಆರ್. 2032 ಎಂಬ ಆ ಬ್ಯಾಟರಿ ಸಿಕ್ಕಿತು. ಅದನ್ನು ಕೂರಿಸಿ, ಪಟ್ಟಿಯನ್ನು ಮತ್ತೊಮ್ಮೆ ತಿದ್ದಿದರು.

ಈಗ ಡಿಸ್ಕು ತಿರುಗಿತು. ತೆರೆಯ ಮೇಲೆ ಹೊಸದೊಂದು ವಾಕ್ಯ ಮೂಡಿತು. ಈ ತಂತ್ರಾಂಶಕ್ಕೆ 64 ಬಿಟ್ಟಿನ ಪ್ರೊಸೆಸರ್ ಬೇಕು, ಈ ಯಂತ್ರದಲ್ಲಿ ಅದಿಲ್ಲ ಎಂದು ಅದು ತಿಳಿಸುತ್ತಿತ್ತು. ಮೂರು ದಿನಗಳಲ್ಲಿ ಮೊದಲ ಬಾರಿಗೆ ಅಧ್ಯಾಪಕಿ ಗಟ್ಟಿಯಾಗಿ ನಕ್ಕರು. ಕಾರಣವನ್ನು ಬಾಯಿಬಿಟ್ಟು ಹೇಳಿ ಸೋಲುವ ಯಂತ್ರಕ್ಕಿಂತ ಉಪಕಾರಿ ಬೇರೊಂದಿಲ್ಲ. ಹಳೆಯ 32 ಬಿಟ್ಟಿನ ಯಂತ್ರಗಳಿಗೂ ಕಡಿಮೆ ರ್‍ಯಾಮಿಗೂ ಒಗ್ಗುವ ಪುಟ್ಟ ಲಿನಕ್ಸುಗಳಿವೆ. ಆಸ್ಟ್ರೇಲಿಯದ ಬ್ಯಾರಿ ಕಾಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ಅಂತಹುದು. ಅದು ಎಷ್ಟು ಚಿಕ್ಕದೆಂದರೆ, ಇಡಿಯಾಗಿ ರ್‍ಯಾಮಿಗೆ ಏರಿ ಕುಳಿತು, ಡಿಸ್ಕನ್ನು ಹೊರಗೆ ತೆಗೆದರೂ ನಡೆಯಬಲ್ಲದು. ಬೆರಳಚ್ಚನ್ನು ಹೋಲಿಸಿ, ಸಾದಾ ಸಿ.ಡಿ.ಯೊಂದಕ್ಕೆ ಅದನ್ನು ಬರೆದರು.

ಹೊಸ ಗಣಕಗಳಲ್ಲಾದರೆ ತೊಡಕುಗಳ ರೂಪ ಬೇರೆಯಾಗಿರುತ್ತದೆ. ಬಯಾಸಿನ ಸ್ಥಾನಕ್ಕೆ ಯು.ಇ.ಎಫ್.ಐ. ಎಂಬ ವ್ಯವಸ್ಥೆ ಬಂದಿದೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ, ಅಧಿಕೃತ ಸಹಿಯಿಲ್ಲದ ತಂತ್ರಾಂಶಕ್ಕೆ ಬಾಗಿಲು ತೆರೆಯದ ಸೆಕ್ಯೂರ್ ಬೂಟ್ ಎಂಬ ಕಾವಲು ಬಳಕೆಗೆ ಬಂದಿತು. ಕೆಲವು ಲೈವ್ ಡಿಸ್ಕುಗಳು ಅದನ್ನು ದಾಟಲಾರವು. ಕೆಲವು ಯಂತ್ರಗಳಲ್ಲಿ ಎಲ್ಲ ಸರಿಯಾಗಿ ನಡೆದು, ಚಿತ್ರ ಮೂಡುವ ಹೊತ್ತಿಗೆ ತೆರೆ ಕಪ್ಪಾಗುತ್ತದೆ. ಅಲ್ಲಿ ಆರಂಭದ ಆಜ್ಞೆಗೆ ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಿದರೆ ಸರಳವಾದ ಚಿತ್ರಕ್ರಮದಲ್ಲಿ ಕೆಲಸ ಸಾಗುವುದುಂಟು. ಡಿಸ್ಕುಗಳ ಬದಲಿಗೆ ಪೆನ್ ಡ್ರೈವ್ ಹೆಚ್ಚು ಬಳಕೆಗೆ ಬಂದಿದ್ದರೂ ಚೀಲವನ್ನು ಹೂಳುವ ತಪ್ಪು ಮಾತ್ರ ಅಲ್ಲಿಯೂ ತಪ್ಪಿಲ್ಲ.

ಗುರುವಾರ ಮಧ್ಯಾಹ್ನ ಹಳೆಯ ಯಂತ್ರದ ತೆರೆಯ ಮೇಲೆ ಪಪ್ಪಿಯ ಚಿತ್ರ ಮೂಡಿತು. ಅಧ್ಯಾಪಕಿ ಅದನ್ನು ಆರಿಸಿಬಿಟ್ಟರು. ಸ್ವಿಚ್ಚನ್ನು ತೆಗೆದು, ಹಾರ್ಡ್ ಡಿಸ್ಕಿನ ಎರಡು ತಂತಿಗಳನ್ನು ಮತ್ತೆ ಜೋಡಿಸಿ, ಸಿ.ಡಿ.ಯಿಂದಲೇ ಯಂತ್ರವನ್ನು ಎಬ್ಬಿಸಿದರು. ಟಕ್ ಟಕ್ ಸದ್ದು ಕೇಳಿತು. ಯಾರೂ ಮಾತನಾಡಲಿಲ್ಲ. ಹಾರ್ಡ್ ಡಿಸ್ಕಿನ ಗುರುತು ತೆರೆಯ ಮೇಲೆ ಕಾಣಿಸಿತು. ಅದನ್ನು ಓದಲು ಮಾತ್ರ, ಬರೆಯಲು ಆಗದಂತೆ ತೆರೆದರು. ಹಾಡುಗಳ ಕಡತಕೋಶ ಇದ್ದಲ್ಲಿಯೇ ಇತ್ತು. ಎಲ್ಲವನ್ನೂ ಒಟ್ಟಿಗೆ ನಕಲು ಮಾಡಲು ಹೊರಡದೆ, ತೀರಿಕೊಂಡ ಏಳು ಮಂದಿಯ ಹಾಡುಗಳನ್ನು ಮೊದಲು ಆರಿಸಿ ಹೊಸ ಪೆನ್ ಡ್ರೈವಿಗೆ ಇಳಿಸಿದರು. ಬದುಕಿರುವವರನ್ನು ಬೇಕಾದರೆ ಮತ್ತೆ ಕೇಳಬಹುದೆಂಬುದು ಕನ್ನಡದ ಅಧ್ಯಾಪಕರ ಲೆಕ್ಕ. ಬಳಿಕ ಉಳಿದವನ್ನು ಇಳಿಸಿದರು. ಹನ್ನೊಂದು ಕಡತಗಳ ಬಳಿ ಯಂತ್ರ ತಡವರಿಸಿ ನಿಂತಿತು. ಅವನ್ನು ಬಿಟ್ಟು ಮುಂದುವರಿದರು. ಸಂಜೆ ಐದರ ಹೊತ್ತಿಗೆ 132 ಹಾಡುಗಳು ಪೆನ್ ಡ್ರೈವಿನಲ್ಲಿದ್ದವು. ಕಚೇರಿಯ ಗಣಕದಲ್ಲಿ ಅವುಗಳ ಇನ್ನೊಂದು ಪ್ರತಿಯನ್ನು ಇಟ್ಟರು. ಮೂರನೆಯ ಪ್ರತಿಯನ್ನು ಡಿ.ವಿ.ಡಿ.ಗೆ ಬರೆದು ಅಧ್ಯಾಪಕಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

ಹಳೆಯ ಯಂತ್ರವನ್ನು ಆರಿಸಿಯಾಗಿತ್ತು. ಕಚೇರಿಯ ಗಣಕದ ಮುಂದೆ ಹುಡುಗಿ ತನ್ನ ಅಜ್ಜಿಯ ಹೆಸರಿನ ಕಡತವನ್ನು ತೆರೆದಳು. ಮೊದಲು ಮಳೆಯ ಸದ್ದು ಕೇಳಿಸಿತು, ಆಮೇಲೆ ಒಂದು ಕೆಮ್ಮು. ಹಾಡು ಆರಂಭವಾಗುವ ಮೊದಲು ಅಜ್ಜಿ ಯಾರನ್ನೋ ಕೂಗಿ ಕೇಳುತ್ತಿದ್ದರು: “ಕೂಸೇ, ಕರು ಕಟ್ಟಿದ್ಯಾ?”

“ಅದು ನನ್ನನ್ನೇ ಕೇಳಿದ್ದು, ಸರ್” ಎಂದಳು ಹುಡುಗಿ. ಕನ್ನಡದ ಅಧ್ಯಾಪಕರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಧ್ವನಿಯನ್ನು ಸ್ವಲ್ಪ ಹೆಚ್ಚಿಸಿದರು.